ಹುಚ್ಚ, ಸಂತ, ರಾಜದ್ರೋಹಿ: ಕನುಡೋಸಿನ ಉಪದೇಶಿ

1897ರ ಅಕ್ಟೋಬರ್ 6ರಂದು ಬ್ರೆಜಿಲಿನ ಬಾಹಿಯಾ ರಾಜ್ಯದ ಒಳನಾಡಿನ ಕನುಡೋಸ್ ಎಂಬ ಊರಿನಲ್ಲಿ ಸೈನಿಕರು ಒಂದು ಗೋರಿಯನ್ನು ಅಗೆದರು. ಊರು ಹಿಂದಿನ ದಿನವಷ್ಟೇ ಸಂಪೂರ್ಣವಾಗಿ ಸೈನ್ಯದ ವಶವಾಗಿತ್ತು. ಗೋರಿಯಲ್ಲಿದ್ದುದು ಎರಡು ವಾರಗಳ ಹಿಂದೆ ತೀರಿಕೊಂಡಿದ್ದ ಅರವತ್ತೇಳು ವರ್ಷದ ಮುದುಕನ ಶವ. ಉದ್ದನೆಯ ಗಡ್ಡ, ಉದ್ದನೆಯ ಕೂದಲು, ಮೈಮೇಲೆ ನೀಲಿ ನಿಲುವಂಗಿ. ಸೈನ್ಯದ ಜೊತೆಗಿದ್ದ ಛಾಯಾಗ್ರಾಹಕ ಫ್ಲಾವಿಯೊ ದಿ ಬಾರೋಸ್ ಅದರ ಚಿತ್ರ ತೆಗೆದ. ಗುರುತು ಖಚಿತವಾಗಿದೆಯೆಂದು ಅಧಿಕಾರಿಗಳು ಮಹಜರು ಬರೆದು ರುಜು ಹಾಕಿದರು. ಕೊನೆಗೆ ತಲೆಯನ್ನು ಕತ್ತರಿಸಿ ಜೊತೆಗೆ ಒಯ್ದರು.

ಆ ತಲೆ ಸೇರಿದ್ದು ರಾಜಧಾನಿ ಸಾಲ್ವಡಾರ್‌ನ ವೈದ್ಯಕೀಯ ಶಾಲೆಗೆ. ಅಪರಾಧವೂ ಹುಚ್ಚೂ ಮನುಷ್ಯನ ತಲೆಬುರುಡೆಯ ಆಕಾರದಲ್ಲೇ ಬರೆದಿರುತ್ತವೆ ಎಂದು ಇಟಲಿಯ ಲೊಂಬ್ರೊಸೊ ಹೇಳಿದ್ದನ್ನು ವಿದ್ಯಾವಂತರು ವಿಜ್ಞಾನವೆಂದು ನಂಬಿದ್ದ ಕಾಲ ಅದು. ಸಾಲ್ವಡಾರ್‌ನ ಪ್ರಸಿದ್ಧ ವೈದ್ಯ ನೀನಾ ರೊಡ್ರಿಗಸ್ ಅದೇ ವರ್ಷ ಕನುಡೋಸಿನ ಸಾಮೂಹಿಕ ಹುಚ್ಚನ್ನು ಕುರಿತು ಒಂದು ಪ್ರಬಂಧವನ್ನೇ ಬರೆದಿದ್ದ. ಈಗ ಆ ಹುಚ್ಚಿನ ಮೂಲವೆನಿಸಿದ ತಲೆಯೇ ಅವನ ಮೇಜಿನ ಮೇಲಿತ್ತು. ಅಳೆದು ನೋಡಿದ. ಅಸಹಜವಾದುದೇನೂ ಸಿಗಲಿಲ್ಲ. ಬುರುಡೆ ಎಲ್ಲರ ಬುರುಡೆಯಂತೆಯೇ ಇತ್ತು. 1905ರಲ್ಲಿ ವೈದ್ಯಕೀಯ ಶಾಲೆಗೆ ಬಿದ್ದ ಬೆಂಕಿಯಲ್ಲಿ ಅದೂ ಸುಟ್ಟುಹೋಯಿತು.

ಈ ಮುದುಕನ ಹೆಸರು ಅಂತೋನಿಯೊ ವಿಸೆಂತೆ ಮೆಂಡೆಸ್ ಮಾಸಿಯೆಲ್. ಜನ ಕರೆಯುತ್ತಿದ್ದುದು ಅಂತೋನಿಯೊ ಕೊನ್ಸೆಲ್ಯೇರೊ, ಅಂದರೆ ಬುದ್ಧಿ ಹೇಳುವ ಅಂತೋನಿಯೊ ಎಂದು. ಅವನ ಊರನ್ನು ಅಳಿಸಲು ಬ್ರೆಜಿಲ್ ಸರ್ಕಾರ ಒಂದು ವರ್ಷದೊಳಗೆ ನಾಲ್ಕು ಬಾರಿ ದಂಡು ಕಳುಹಿಸಿತು. ಅವನು ಹುಚ್ಚನೇ, ವಂಚಕನೇ, ರಾಜದ್ರೋಹಿಯೇ, ಸಂತನೇ ಎಂಬ ಚರ್ಚೆ ನೂರಿಪ್ಪತ್ತೈದು ವರ್ಷ ಕಳೆದರೂ ನಿಂತಿಲ್ಲ. ವಿಚಿತ್ರವೆನಿಸುವ ನಂಬಿಕೆಗಳನ್ನು ಹೊತ್ತ ವ್ಯಕ್ತಿಯೊಬ್ಬನ ಮೇಲೆ ಸರ್ಕಾರ ಬಲಪ್ರಯೋಗಕ್ಕೆ ಇಳಿದಾಗ ಅವನ ಗುಣವನ್ನು ತೂಗುವುದು ಹೇಗೆ ಎಂಬ ಪ್ರಶ್ನೆಗೆ ಕನುಡೋಸಿಗಿಂತ ಒಳ್ಳೆಯ ಪಾಠ ಇತಿಹಾಸದಲ್ಲಿ ವಿರಳ.

ಅಂಗಡಿಯಿಂದ ಅಲೆದಾಟಕ್ಕೆ

ಅಂತೋನಿಯೊ ಹುಟ್ಟಿದ್ದು 1830ರಲ್ಲಿ, ಸಿಯಾರಾ ಪ್ರಾಂತ್ಯದ ಕಿಶೆರಮೊಬಿಂ ಎಂಬ ಊರಿನಲ್ಲಿ. ಈಶಾನ್ಯ ಬ್ರೆಜಿಲಿನ ಈ ಒಣ ಒಳನಾಡಿಗೆ ಸೆರ್ತಾವೊ ಎಂದು ಹೆಸರು. ಮುಳ್ಳುಕಂಟಿ, ಕಳ್ಳಿಗಿಡ, ದನ, ಮೇಕೆ, ಹತ್ತಾರು ವರ್ಷಗಳಿಗೊಮ್ಮೆ ಬಂದೆರಗುವ ಭೀಕರ ಬರ, ಇವು ಅಲ್ಲಿನ ಬದುಕು. ತಂದೆ ವ್ಯಾಪಾರಿ, ಮಗ ಪಾದ್ರಿಯಾಗಲೆಂದು ಅವನ ಆಸೆ. ತಾಯಿ ಮಗುವಿನ ನಾಲ್ಕನೆಯ ವಯಸ್ಸಿನಲ್ಲೇ ತೀರಿಹೋದಳು. 1855ರಲ್ಲಿ ತಂದೆಯೂ ಸತ್ತ ಮೇಲೆ ಅಂಗಡಿಯ ಹೊಣೆ ಅಂತೋನಿಯೊನ ಹೆಗಲಿಗೆ ಬಿತ್ತು. ಅದನ್ನು ನಡೆಸಲಾಗದೆ ಕೈಬಿಟ್ಟ. ಮೇಷ್ಟರಾಗಿ, ಗುಮಾಸ್ತನಾಗಿ, ಕಚೇರಿಯ ಬಾಗಿಲಲ್ಲಿ ಬಡವರಿಗೆ ಅರ್ಜಿ ಬರೆದುಕೊಡುವವನಾಗಿ ಊರೂರು ಅಲೆದ. 1857ರಲ್ಲಿ ಮದುವೆಯಾದ ಹೆಂಡತಿ ಕೆಲವೇ ವರ್ಷಗಳಲ್ಲಿ ಬೇರೊಬ್ಬನ ಜೊತೆ ಹೋದಳು. ಆಮೇಲೆ ಹಲವು ವರ್ಷ ಅವನ ಸುಳಿವು ಅಷ್ಟಾಗಿ ಸಿಗುವುದಿಲ್ಲ.

1870ರ ದಶಕದಲ್ಲಿ ಸೆರ್ಜಿಪೆ ಮತ್ತು ಬಾಹಿಯಾ ಪ್ರಾಂತ್ಯಗಳ ಹಳ್ಳಿಗಳಲ್ಲಿ ನೀಲಿ ನಿಲುವಂಗಿ ತೊಟ್ಟು, ಕೋಲು ಹಿಡಿದು ನಡೆಯುವ ಉಪದೇಶಿಯಾಗಿ ಅವನು ಮತ್ತೆ ಕಾಣಿಸಿಕೊಂಡ. ಊರಿಗೆ ಬಂದವನು ಬರಿಯ ಪ್ರವಚನ ಮಾಡಿ ಹೋಗುತ್ತಿರಲಿಲ್ಲ. ಕುಸಿದ ಚರ್ಚಿನ ಗೋಡೆ ಎತ್ತಿಸುತ್ತಿದ್ದ, ಸ್ಮಶಾನಕ್ಕೆ ಬೇಲಿಗೋಡೆ ಕಟ್ಟಿಸುತ್ತಿದ್ದ, ನೀರಿನ ಕಟ್ಟೆ ತೋಡಿಸುತ್ತಿದ್ದ. ಊರಿನವರೆಲ್ಲ ಕಲ್ಲು ಹೊತ್ತು, ಮಣ್ಣು ಹೊತ್ತು ಕೈಜೋಡಿಸುತ್ತಿದ್ದರು. ಪಾದ್ರಿಗಳ ಮುಖವನ್ನು ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವಂತಿದ್ದ ಆ ಸೀಮೆಯಲ್ಲಿ ಇಂಥವನಿಗೆ ಜನ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಅನೇಕ ಪಾದ್ರಿಗಳೂ ಮೊದಮೊದಲು ಅವನನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಕೆಲಸ ಆಗುತ್ತಿತ್ತು, ಖರ್ಚಿರಲಿಲ್ಲ.

1876ರಲ್ಲಿ ಪೊಲೀಸರು ಅವನನ್ನು ಬಂಧಿಸಿದರು. ಹೆಂಡತಿಯನ್ನೂ ತಾಯಿಯನ್ನೂ ಕೊಂದು ತಲೆಮರೆಸಿಕೊಂಡವನು ಎಂಬುದು ಆಪಾದನೆ. ಸೊಸೆಯ ನಡತೆ ಕೆಟ್ಟಿದೆಯೆಂದು ಮಗನಿಗೆ ತೋರಿಸಲು ತಾಯಿ ಗಂಡಸಿನ ವೇಷ ಹಾಕಿಕೊಂಡು ಬಂದಳು, ಮಗ ಇಬ್ಬರನ್ನೂ ಹೊಡೆದುಹಾಕಿದ ಎಂಬ ಕಥೆ ಊರೂರು ತಿರುಗುತ್ತಿತ್ತು. ಅವನನ್ನು ಸಿಯಾರಾಕ್ಕೆ ಸಾಗಿಸಿದರು. ಅಲ್ಲಿನ ನ್ಯಾಯಾಧೀಶ ವಿಚಾರಿಸಿದಾಗ ಆಪಾದನೆಗೆ ಆಧಾರವೇ ಇರಲಿಲ್ಲ. ತಾಯಿ ಸತ್ತು ನಾಲ್ಕು ದಶಕಗಳೇ ಕಳೆದಿದ್ದವು. ಬಿಡುಗಡೆಯಾದ ಅಂತೋನಿಯೊ ಬಾಹಿಯಾಕ್ಕೆ ಮರಳಿದ. ಕಥೆ ಮಾತ್ರ ಸಾಯಲಿಲ್ಲ. ಇಪ್ಪತ್ತು ವರ್ಷಗಳ ನಂತರ, ಯುದ್ಧ ನಡೆಯುತ್ತಿದ್ದಾಗಲೂ ಅದನ್ನು ಹೇಳುವವರಿದ್ದರು. ನ್ಯಾಯಾಲಯ ಸುಳ್ಳೆಂದದ್ದನ್ನು ಜನರ ಬಾಯಿ ನಿಜವೆಂದೇ ನಂಬಿತ್ತು.

ನಂಬಿಕೆಗಳು ಎಷ್ಟು ವಿಚಿತ್ರ?

ಬ್ರೆಜಿಲಿನ ಸಮಾಜ ಬುಡಮೇಲಾದದ್ದು ಇದೇ ಅವಧಿಯಲ್ಲಿ. 1877ರಿಂದ 1879ರವರೆಗಿನ ಮಹಾ ಬರದಲ್ಲಿ ಲಕ್ಷಾಂತರ ಜನ ಸತ್ತರು ಅಥವಾ ಗುಳೆ ಹೋದರು. 1888ರ ಮೇ 13ರಂದು ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದವರಿಗೆ ತುಂಡು ನೆಲವೂ ಸಿಗಲಿಲ್ಲ. 1889ರ ನವೆಂಬರ್ 15ರಂದು ಸೈನ್ಯ ಚಕ್ರವರ್ತಿ ಎರಡನೆಯ ಪೆಡ್ರೊನನ್ನು ಇಳಿಸಿ ಗಣರಾಜ್ಯ ಸಾರಿತು. ಮರುವರ್ಷ ಚರ್ಚು ಮತ್ತು ಸರ್ಕಾರ ಬೇರೆ ಬೇರೆಯಾದವು. ಸರ್ಕಾರಿ ನೋಂದಣಿಯ ವಿವಾಹ ಕಾನೂನಾಯಿತು. ಊರಾಡಳಿತಗಳು ಹೊಸ ತೆರಿಗೆಗಳ ಪಟ್ಟಿಯನ್ನು ಹಲಗೆಗಳ ಮೇಲೆ ಅಂಟಿಸಿದವು. ಸೆರ್ತಾವೊದ ಬಡವನಿಗೆ ಗಣರಾಜ್ಯ ಎಂದರೆ ಮೊದಲು ಕಂಡದ್ದು ಈ ಹಲಗೆ.

ಕೊನ್ಸೆಲ್ಯೇರೊ ಗಣರಾಜ್ಯವನ್ನು ಒಪ್ಪಲಿಲ್ಲ. ಅರಸನ ಅಧಿಕಾರ ದೇವರು ಕೊಟ್ಟದ್ದು, ಮದುವೆ ಚರ್ಚಿನ ಸಂಸ್ಕಾರ, ಅದರಲ್ಲಿ ಗುಮಾಸ್ತನಿಗೇನು ಕೆಲಸ ಎಂಬುದು ಅವನ ವಾದ. 1893ರಲ್ಲಿ ಅವನ ಸಮ್ಮುಖದಲ್ಲೇ ತೆರಿಗೆಯ ಹಲಗೆಗಳನ್ನು ಸುಟ್ಟರು. ಹಿಡಿಯಲು ಬಂದ ಸುಮಾರು ಮೂವತ್ತು ಪೊಲೀಸರನ್ನು ಮಸೆತೆ ಎಂಬಲ್ಲಿ ಅವನ ಕಡೆಯವರು ಹೊಡೆದೋಡಿಸಿದರು. ಆಮೇಲೆ ಅವನು ವಾಜಾ ಬಾರಿಸ್ ನದಿಯ ದಂಡೆಯಲ್ಲಿದ್ದ ಕನುಡೋಸ್ ಎಂಬ ಪಾಳುಬಿದ್ದ ದನದ ಹಟ್ಟಿಯಲ್ಲಿ ಬಂದು ನೆಲೆ ನಿಂತ. ಅದಕ್ಕೆ ಬೆಲೊ ಮೊಂಚಿ, ಅಂದರೆ ಸುಂದರ ಬೆಟ್ಟ ಎಂದು ಹೆಸರಿಟ್ಟ.

ಅವನ ನಿಲುವು ಹಿಂದುಳಿದದ್ದು ಎನ್ನಬಹುದು. ಅರಸೊತ್ತಿಗೆಯ ಪರ ನಿಂತವನನ್ನು ಪ್ರಗತಿಪರ ಎನ್ನುವಂತಿಲ್ಲ. ಆದರೆ ಅದು ಹುಚ್ಚಾಗಿತ್ತೇ? 1890ರಲ್ಲಿ ಬ್ರೆಜಿಲಿನ ಧರ್ಮಾಧ್ಯಕ್ಷರೆಲ್ಲ ಒಟ್ಟಾಗಿ ಹೊರಡಿಸಿದ ಪತ್ರ ಕೂಡ ಚರ್ಚು ಮತ್ತು ಸರ್ಕಾರದ ಬೇರ್ಪಡೆಯನ್ನು ಖಂಡಿಸಿತ್ತು. ರಾಜಧಾನಿ ರಿಯೊ ದಿ ಜನೈರೊದಲ್ಲಿ ಅರಸೊತ್ತಿಗೆಯ ಪರವಾದ ಪತ್ರಿಕೆಗಳೇ ಇದ್ದವು. ನಗರದಲ್ಲಿ ಹೇಳಿದರೆ ರಾಜಕೀಯ ಅಭಿಪ್ರಾಯವಾಗುವ ಮಾತು ಒಳನಾಡಿನ ಬಡವನ ಬಾಯಲ್ಲಿ ಮತಿಭ್ರಮಣೆಯಾಯಿತು.

ಚರ್ಚಿಗೂ ಅವನ ಮೇಲೆ ಬೇರೆಯದೇ ಸಿಟ್ಟಿತ್ತು. ದೀಕ್ಷೆಯಿಲ್ಲದವನು ಪ್ರವಚನ ಮಾಡಬಾರದೆಂದು ಬಾಹಿಯಾದ ಮಹಾಧರ್ಮಾಧ್ಯಕ್ಷ 1882ರಲ್ಲೇ ಸುತ್ತೋಲೆ ಹೊರಡಿಸಿದ್ದ. 1887ರಲ್ಲಿ ಪ್ರಾಂತ್ಯದ ಆಡಳಿತಕ್ಕೇ ದೂರು ಹೋಯಿತು. ಅವನನ್ನು ರಿಯೊದ ಹುಚ್ಚಾಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ಆಡಳಿತ ಕೇಳಿತು. ಅಲ್ಲಿ ಜಾಗ ಖಾಲಿಯಿಲ್ಲ ಎಂಬ ಉತ್ತರ ಬಂತು. ಯಾವ ವೈದ್ಯನೂ ಅವನನ್ನು ಪರೀಕ್ಷಿಸಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

1895ರ ಮೇ ತಿಂಗಳಲ್ಲಿ ಕಪುಚಿನ್ ಸಭೆಯ ಸನ್ಯಾಸಿ ಜುವಾಂವ್ ಎವಾಂಜೆಲಿಸ್ತಾ ಕನುಡೋಸಿಗೆ ಬಂದ. ಜನ ಚದುರಿ ತಮ್ಮ ತಮ್ಮ ಊರುಗಳಿಗೆ ಹೋಗುವಂತೆ ಮಾಡುವುದು ಅವನ ಕೆಲಸ. ಕೊನ್ಸೆಲ್ಯೇರೊ ಅವನನ್ನು ತಡೆಯಲಿಲ್ಲ. ಪ್ರವಚನಕ್ಕೆ ಅವಕಾಶ ಕೊಟ್ಟ. ಕೆಲವೇ ದಿನಗಳಲ್ಲಿ ಸನ್ಯಾಸಿ 55 ಮದುವೆ, 102 ಜ್ಞಾನಸ್ನಾನ, ನಾಲ್ಕುನೂರಕ್ಕೂ ಹೆಚ್ಚು ಪಾಪನಿವೇದನೆ ನಡೆಸಿಕೊಟ್ಟ. ಉಪವಾಸದ ದಿನವೂ ಮಿತವಾಗಿ ಊಟ ಮಾಡಬಹುದು ಎಂದು ಅವನು ಉಪದೇಶಿಸಿದಾಗ, ಇದೇನು ಉಪವಾಸ, ಹೊಟ್ಟೆ ತುಂಬಿಸಿಕೊಳ್ಳುವುದಲ್ಲವೇ ಎಂದು ಗುಂಪಿನಿಂದ ಕೂಗು ಎದ್ದಿತಂತೆ. ಆದರೆ ಗಣರಾಜ್ಯಕ್ಕೆ ವಿಧೇಯರಾಗಿ ಎಂದಾಗ ಜನ ತಿರುಗಿಬಿದ್ದರು. ಅರಸೊತ್ತಿಗೆಯ ಕಾಲದಲ್ಲಿ ತಾನು ಬಂಧನಕ್ಕೆ ಒಳಗಾದದ್ದು ಆ ಸರ್ಕಾರವನ್ನು ಒಪ್ಪಿದ್ದರಿಂದ, ಈ ಸರ್ಕಾರವನ್ನು ಒಪ್ಪುವುದಿಲ್ಲ ಎಂದು ಕೊನ್ಸೆಲ್ಯೇರೊ ನೇರವಾಗಿ ಹೇಳಿದ. ಸನ್ಯಾಸಿ ಮರಳಿ ಹೋಗಿ ಬರೆದ ವರದಿಯಲ್ಲಿ ಕನುಡೋಸ್ ರಾಜ್ಯದೊಳಗಿನ ರಾಜ್ಯವಾಯಿತು.

ಊರು ಹೇಗಿತ್ತು?

ಮೂರೂವರೆ ವರ್ಷಗಳಲ್ಲಿ ಬೆಲೊ ಮೊಂಚಿ ಬಾಹಿಯಾದ ದೊಡ್ಡ ಊರುಗಳಲ್ಲಿ ಒಂದಾಗಿ ಬೆಳೆಯಿತು. ಕೊನೆಗೆ ಸೈನ್ಯ ಎಣಿಸಿದ ಮನೆಗಳ ಸಂಖ್ಯೆ 5,200. ಜನಸಂಖ್ಯೆ 25,000 ಮುಟ್ಟಿತ್ತು ಎಂದು ಕೆಲವರು ಹೇಳಿದರೆ, ಅಷ್ಟಿರಲಾರದು ಎನ್ನುವ ಇತಿಹಾಸಕಾರರೂ ಇದ್ದಾರೆ. ಬಂದವರಲ್ಲಿ ಬಿಡುಗಡೆಯಾದ ಗುಲಾಮರು, ಕಿರಿರಿ ಬುಡಕಟ್ಟಿನವರು, ಬರಕ್ಕೆ ಸಿಕ್ಕ ರೈತರು, ಜಮೀನು ಮಾರಿ ಬಂದ ಅನುಕೂಲಸ್ಥರು, ಕಾನೂನಿಗೆ ಬೇಕಾಗಿದ್ದ ಬಂಟರು ಎಲ್ಲರೂ ಇದ್ದರು. ಊರಿನಲ್ಲಿ ಶಾಲೆಯಿತ್ತು. ಮೇಕೆ ಚರ್ಮದ ವ್ಯಾಪಾರ ನಡೆಯುತ್ತಿತ್ತು. ಹೆಂಡ ಮಾರುವಂತಿರಲಿಲ್ಲ. ಕೈಲಾಗದವರನ್ನು ಊರಿನ ಪೊತ್ತಿನಿಂದ ಸಾಕುತ್ತಿದ್ದರು.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಊರಿನ ಕಾವಲು ಆಯುಧ ಹಿಡಿದವರ ಕೈಯಲ್ಲಿತ್ತು. ಅವರ ಮುಖಂಡ ಜುವಾಂವ್ ಅಬಾದೆ ಕರುಣೆಗೆ ಹೆಸರಾದವನಲ್ಲ. ಯುದ್ಧದ ಆರಂಭದಲ್ಲಿ ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಗುಮಾನಿಯ ಮೇಲೆ ಊರಿನ ಒಬ್ಬ ಹಳೆಯ ವ್ಯಾಪಾರಿಯನ್ನು ಕೊಂದ ಪ್ರಸಂಗ ಬದುಕುಳಿದವರ ನೆನಪುಗಳಲ್ಲಿ ದಾಖಲಾಗಿದೆ. ಕೊನ್ಸೆಲ್ಯೇರೊ ಆಜ್ಞೆ ಕೊಟ್ಟನೇ ಇಲ್ಲವೇ ಎಂಬುದಕ್ಕಿಂತ, ಅವನ ಮಾತೇ ಕಟ್ಟಳೆಯಾಗಿದ್ದ ಊರಿನಲ್ಲಿ ಅದು ನಡೆಯಿತು ಎಂಬುದು ಮುಖ್ಯ. ಅವನನ್ನು ಬರಿಯ ಸಾಧುವೆಂದು ಬಣ್ಣಿಸುವವರು ಈ ಪುಟವನ್ನು ಮಗುಚಿಹಾಕುವಂತಿಲ್ಲ.

ನಿಜವಾದ ತಕರಾರು ಎದ್ದದ್ದು ಜಮೀನ್ದಾರರಿಂದ. ಸುತ್ತಲ ದೊಡ್ಡ ಜಮೀನುಗಳಿಂದ ಆಳುಗಳು ಸಂಸಾರ ಸಮೇತ ಕನುಡೋಸಿಗೆ ಹೊರಟುಹೋಗುತ್ತಿದ್ದರು. ಆ ಭಾಗದ ಭಾರೀ ಭೂಮಾಲೀಕನಾಗಿದ್ದ ಜೆರೆಮೊಆಬೊದ ಬ್ಯಾರನ್ ಇದನ್ನೇ ಕುರಿತು ದೂರಿದ. ಕೂಲಿಯ ಚಿಂತೆ ಪತ್ರಿಕೆಗಳಿಗೆ ಮುಟ್ಟುವಷ್ಟರಲ್ಲಿ ರಾಷ್ಟ್ರದ ಭದ್ರತೆಯ ಚಿಂತೆಯಾಗಿ ರೂಪ ತಳೆದಿತ್ತು.

ಮರದ ದಿಮ್ಮಿಯಿಂದ ಯುದ್ಧಕ್ಕೆ

ಯುದ್ಧಕ್ಕೆ ಕಾರಣವಾದದ್ದು ಮರದ ದಿಮ್ಮಿಗಳು. ಹೊಸ ಚರ್ಚಿನ ಛಾವಣಿಗೆಂದು ಜುವಾಜೇರೊ ಪಟ್ಟಣದಲ್ಲಿ ಮರ ಖರೀದಿಸಿ ಹಣ ಕೊಟ್ಟಿದ್ದರು. ಮರ ಬರಲಿಲ್ಲ. ಕನುಡೋಸಿನವರು ಬಂದು ಪಟ್ಟಣವನ್ನೇ ಲೂಟಿ ಮಾಡುತ್ತಾರೆಂದು ಗುಲ್ಲೆದ್ದಿತು. ಅಲ್ಲಿನ ನ್ಯಾಯಾಧೀಶ ಸೈನ್ಯ ಕೇಳಿದ. 1896ರ ನವೆಂಬರ್‌ನಲ್ಲಿ ಲೆಫ್ಟಿನೆಂಟ್ ಪಿರೆಸ್ ಫೆರೇರಾನ ನೂರು ಚಿಲ್ಲರೆ ಸೈನಿಕರು ಹೊರಟರು. 21ರ ಬೆಳಗಿನ ಜಾವ ಉವಾಉವಾ ಎಂಬಲ್ಲಿ ಶಿಲುಬೆ ಹೊತ್ತು, ಭಜನೆ ಮಾಡುತ್ತಾ ಬಂದ ಗುಂಪು ಅವರ ಮೇಲೆ ಬಿತ್ತು. ಹತ್ತು ಸೈನಿಕರು ಸತ್ತರು. ಎದುರಿನವರಲ್ಲಿ ನೂರಕ್ಕೂ ಹೆಚ್ಚು. ಆದರೂ ಹಿಂದೆಗೆದದ್ದು ಸೈನ್ಯವೇ.

1897ರ ಜನವರಿಯಲ್ಲಿ ಮೇಜರ್ ಫೆಬ್ರೋನಿಯೊ ಸುಮಾರು ಆರುನೂರು ಮಂದಿಯೊಂದಿಗೆ ಹೋಗಿ ಹಿಂದಿರುಗಿದ. ಫೆಬ್ರವರಿಯಲ್ಲಿ ಕರ್ನಲ್ ಮೊರೇರಾ ಸೀಸರ್ 1,300 ಮಂದಿ ಮತ್ತು ಕ್ರಪ್ ಫಿರಂಗಿಗಳೊಂದಿಗೆ ಹೊರಟ. ದಕ್ಷಿಣದ ದಂಗೆಯೊಂದನ್ನು ಅಡಗಿಸುವಾಗ ಕೈದಿಗಳನ್ನು ಕೊಲ್ಲಿಸಿ ತಲೆಕಡುಕ ಎಂಬ ಅಡ್ಡಹೆಸರು ಪಡೆದಿದ್ದವನು ಇವನು. ಕನುಡೋಸಿನ ಇಕ್ಕಟ್ಟಾದ ಓಣಿಗಳಲ್ಲಿ ಅವನ ದಂಡು ಸಿಕ್ಕಿಬಿತ್ತು. ಗುಂಡೇಟು ತಿಂದ ಕರ್ನಲ್ ಸತ್ತ. ಉಳಿದವರು ಬಂದೂಕು, ಫಿರಂಗಿ ಬಿಸುಟು ಓಡಿದರು.

ಈ ಸೋಲಿನ ಸುದ್ದಿ ಬಂದಾಗ ರಿಯೊ ನಗರ ಹುಚ್ಚೆದ್ದಿತು. ಬಡ ರೈತರು ಸೈನ್ಯವನ್ನು ಸೋಲಿಸಿದರೆಂದು ನಂಬಲು ಯಾರೂ ಸಿದ್ಧರಿರಲಿಲ್ಲ. ಹಾಗಾದರೆ ಇದರ ಹಿಂದೆ ಅರಸೊತ್ತಿಗೆಯವರ ಪಿತೂರಿ ಇರಬೇಕು, ವಿದೇಶಗಳಿಂದ ಆಯುಧ ಬಂದಿರಬೇಕು ಎಂದು ತೀರ್ಮಾನವಾಯಿತು. ಗುಂಪುಗಳು ಅರಸೊತ್ತಿಗೆಯ ಪರವಾದ ಪತ್ರಿಕಾ ಕಚೇರಿಗಳನ್ನು ಧ್ವಂಸ ಮಾಡಿದವು. ಪತ್ರಿಕೆಯ ಮಾಲೀಕ ಜೆಂತಿಲ್ ದಿ ಕಾಸ್ತ್ರೊ ಎಂಬಾತನನ್ನು ಕೊಂದರು. ಸರ್ಕಾರಕ್ಕೆ ಈಗ ಕನುಡೋಸ್ ಅಳಿಯದೆ ಗಣರಾಜ್ಯ ಉಳಿಯದು ಎಂಬಂತಾಯಿತು.

ಜನರಲ್ ಆರ್ತುರ್ ಆಸ್ಕರ್ ನೇತೃತ್ವದ ನಾಲ್ಕನೆಯ ದಂಡು ಜೂನ್ ಕೊನೆಯಲ್ಲಿ ಎರಡು ದಿಕ್ಕಿನಿಂದ ಊರನ್ನು ಮುತ್ತಿತು. ಎತ್ತುಗಳ ಸಾಲು ಎಳೆದು ತಂದ ದೊಡ್ಡ ಫಿರಂಗಿಗೆ ಊರಿನವರು ಕೊಲ್ಲುಗಾತಿ ಎಂದು ಹೆಸರಿಟ್ಟರು. ಗುಂಡಿನ ಮಳೆಯ ನಡುವೆಯೂ ಸಂಜೆಯ ಪ್ರಾರ್ಥನೆಗೆ ಚರ್ಚಿನ ಗಂಟೆ ಬಾರಿಸುತ್ತಿತ್ತು. ಅನ್ನ ನೀರಿಲ್ಲದೆ ಸೈನ್ಯವೂ ಕಂಗೆಟ್ಟಿತು. ಯುದ್ಧಮಂತ್ರಿ ಮಾರ್ಷಲ್ ಬಿತೆಂಕೂರ್ ತಾನೇ ಬಂದು ಹೇಸರಗತ್ತೆಗಳ ಮೇಲೆ ದಿನಸಿ ಸಾಗಿಸುವ ಏರ್ಪಾಡು ಮಾಡಿದ ಮೇಲಷ್ಟೇ ಮುತ್ತಿಗೆ ಬಿಗಿಯಾಯಿತು. ಸೆಪ್ಟೆಂಬರ್ 22ರಂದು ಕೊನ್ಸೆಲ್ಯೇರೊ ಸತ್ತ. ಆಮಶಂಕೆ ಕಾರಣವಿರಬಹುದು ಎನ್ನುತ್ತಾರೆ. ಅಕ್ಟೋಬರ್ 2ರಂದು ಜೀವದಾನದ ಮಾತಿನ ಮೇಲೆ ಸುಮಾರು ಮುನ್ನೂರು ಮಂದಿ, ಬಹುಪಾಲು ಹೆಂಗಸರು, ಮಕ್ಕಳು, ಮುದುಕರು, ಹೊರಬಂದರು. ಸೆರೆಸಿಕ್ಕ ಗಂಡಸರ ಕತ್ತು ಸೀಳುವುದು ಈ ಯುದ್ಧದಲ್ಲಿ ರೂಢಿಯೇ ಆಗಿತ್ತು. ಸೈನಿಕರು ಅದಕ್ಕೆ ಕೆಂಪು ಕಂಠಪಟ್ಟಿ ಎಂದು ತಮಾಷೆಯ ಹೆಸರನ್ನೂ ಕೊಟ್ಟಿದ್ದರು. ಅಕ್ಟೋಬರ್ 5ರಂದು ಕೊನೆಯ ನಾಲ್ವರು ಬಿದ್ದರು. ಒಬ್ಬ ಮುದುಕ, ಇಬ್ಬರು ಗಂಡಸರು, ಒಬ್ಬ ಹುಡುಗ.

ಪತ್ರಕರ್ತ ಕಂಡದ್ದು

ಈ ಯುದ್ಧವನ್ನು ವರದಿ ಮಾಡಲು ಸಾವೊ ಪೌಲೊ ನಗರದ ಪತ್ರಿಕೆಯೊಂದು ಯೂಕ್ಲಿಡಿಸ್ ದ ಕುನ್ಯಾನನ್ನು ಕಳುಹಿಸಿತ್ತು. ಅವನು ಇಂಜಿನಿಯರ್, ಹಿಂದೆ ಸೈನ್ಯದಲ್ಲಿದ್ದವನು, ಕಟ್ಟಾ ಗಣರಾಜ್ಯವಾದಿ. ಫ್ರೆಂಚ್ ಕ್ರಾಂತಿಯ ವಿರುದ್ಧ ವಾಂದೆ ಪ್ರಾಂತ್ಯದ ರೈತರು 1793ರಲ್ಲಿ ಅರಸನ ಪರವಾಗಿ ದಂಗೆಯೆದ್ದದ್ದಕ್ಕೆ ಕನುಡೋಸನ್ನು ಹೋಲಿಸಿ ಲೇಖನ ಬರೆದಿದ್ದ. ಬಂಡಾಯಗಾರರ ಬಗ್ಗೆ ಅವನಿಗೆ ಮೊದಲು ಯಾವ ಅನುಕಂಪವೂ ಇರಲಿಲ್ಲ.

ಆಗಸ್ಟ್‌ನಲ್ಲಿ ಸಾಲ್ವಡಾರ್‌ನಲ್ಲಿ ಅವನು ಸೆರೆಸಿಕ್ಕ ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿಚಾರಣೆಯನ್ನು ಕಂಡು ಬರೆದ. ಆಯುಧಗಳು ಎಲ್ಲಿಂದ ಬಂದವು ಎಂದರೆ, ಓಡಿಹೋದ ಸೈನ್ಯ ಬಿಟ್ಟುಹೋದವು ಎಂಬ ಉತ್ತರ. ಕೊನ್ಸೆಲ್ಯೇರೊ ಪವಾಡ ಮಾಡುತ್ತಾನೆಯೇ ಎಂದರೆ, ಅಂಥದ್ದೇನೂ ಗೊತ್ತಿಲ್ಲ. ಸತ್ತವರು ಮತ್ತೆ ಎದ್ದು ಬರುತ್ತಾರೆಂದು ಹೇಳಿದ್ದನೇ ಎಂದರೆ, ಇಲ್ಲ. ಹಾಗಾದರೆ ಸಾಯುವವರಿಗೆ ಏನು ಕೊಡುತ್ತೇನೆಂದಿದ್ದ? ಆತ್ಮದ ರಕ್ಷಣೆ. ವಿದೇಶಿ ಆಯುಧ, ಪಿತೂರಿ, ಪವಾಡದ ಮೋಸ, ಎಲ್ಲವೂ ಒಬ್ಬ ಹುಡುಗನ ನಾಲ್ಕು ಮಾತಿನ ಮುಂದೆ ಕರಗಿದವು.

1902ರಲ್ಲಿ ದ ಕುನ್ಯಾ ಪ್ರಕಟಿಸಿದ 'ಓಸ್ ಸೆರ್ತೊಯಿನ್ಸ್' ಬ್ರೆಜಿಲ್ ಸಾಹಿತ್ಯದ ಮಹಾಕೃತಿಗಳಲ್ಲಿ ಒಂದೆನಿಸಿತು. ಆ ಪುಸ್ತಕದಲ್ಲೂ ಕೊನ್ಸೆಲ್ಯೇರೊ ಮನೋರೋಗಿಯೇ. ಬೆರಕೆ ಜನಾಂಗಗಳು ಕೀಳು ಎಂಬ ಆ ಕಾಲದ ತಪ್ಪು ಸಿದ್ಧಾಂತವನ್ನೂ ಲೇಖಕ ಬಿಟ್ಟಿರಲಿಲ್ಲ. ಆದರೆ ಮುನ್ನುಡಿಯಲ್ಲೇ ಅವನು ಆ ದಂಡಯಾತ್ರೆಯನ್ನು ಅಪರಾಧ ಎಂದು ಕರೆದ. ಇದು ಗಮನಾರ್ಹವಾದ ಸಂಗತಿ. ಅವನಿಗೆ ಆ ಮನುಷ್ಯ ಇಷ್ಟವಾಗಲಿಲ್ಲ, ಅವನ ನಂಬಿಕೆ ಒಪ್ಪಿಗೆಯಾಗಲಿಲ್ಲ. ಆದರೂ ಅವನ ಮೇಲೆ ನಡೆದ ಬಲಪ್ರಯೋಗದ ತೀರ್ಪು ಬೇರೆಯೇ ಆಗಿ ನಿಲ್ಲಬೇಕು ಎಂಬುದನ್ನು ಅವನು ಕಂಡುಕೊಂಡ.

ಇಂಥ ವಿವೇಕ ಅವನೊಬ್ಬನದೇ ಆಗಿರಲಿಲ್ಲ. ಕಾದಂಬರಿಕಾರ ಮಶಾದೊ ದಿ ಅಸ್ಸಿಸ್ 1894ರಿಂದಲೇ ತನ್ನ ವಾರದ ಅಂಕಣದಲ್ಲಿ ಪತ್ರಿಕೆಗಳ ಗಾಬರಿಯನ್ನು ನಯವಾಗಿ ಗೇಲಿ ಮಾಡಿದ್ದ. ಯುದ್ಧ ಮುಗಿದ ತಿಂಗಳೊಳಗೆ ಬಾಹಿಯಾದ ಕಾನೂನು ವಿದ್ಯಾರ್ಥಿಗಳು ಕೈದಿಗಳ ಕೊಲೆಯನ್ನು ಖಂಡಿಸಿ ಹೇಳಿಕೆ ಹೊರಡಿಸಿದರು. ತಬ್ಬಲಿ ಮಕ್ಕಳನ್ನು ಸೈನಿಕರು, ವ್ಯಾಪಾರಿಗಳು ಹಂಚಿಕೊಂಡು ಒಯ್ಯುತ್ತಿದ್ದಾಗ ಪತ್ರಕರ್ತ ಲೆಲಿಸ್ ಪಿಯೆದಾದೆ ಮತ್ತು ಅವನ ಸಮಿತಿಯವರು ಹುಡುಕಿ ಹುಡುಕಿ ಅನೇಕರನ್ನು ಬಿಡಿಸಿದರು. ಆ ಸಮಿತಿ ಮೊದಲು ಹುಟ್ಟಿದ್ದು ಗಾಯಗೊಂಡ ಸೈನಿಕರ ಶುಶ್ರೂಷೆಗೆ.

ಅವನದೇ ಕೈಬರಹ

ಇಷ್ಟು ಕಾಲವೂ ಎಲ್ಲರೂ ಕೊನ್ಸೆಲ್ಯೇರೊನ ಬಗ್ಗೆ ಹೇಳುತ್ತಿದ್ದರೇ ಹೊರತು ಅವನ ಮಾತನ್ನು ಯಾರೂ ಕೇಳಿರಲಿಲ್ಲ. ಅವನ ಪ್ರವಚನಗಳ ಹಸ್ತಪ್ರತಿಯೊಂದು ಬಿದ್ದ ಊರಿನಲ್ಲಿ ಸಿಕ್ಕಿ, ಕೈಯಿಂದ ಕೈಗೆ ದಾಟಿ, ಕೊನೆಗೆ 1974ರಲ್ಲಿ ಅತಾಲಿಬಾ ನೊಗೇರಾ ಅವರ ಸಂಪಾದನೆಯಲ್ಲಿ ಅಚ್ಚಾಯಿತು. 1895ರ ಇನ್ನೊಂದು ಹಸ್ತಪ್ರತಿ 2017ರಲ್ಲಿ ಪ್ರಕಟವಾಯಿತು.

ಓದಿದವರಿಗೆ ಬೆರಗಾಯಿತು. ಹತ್ತು ಕಟ್ಟಳೆಗಳ ವಿವರಣೆ, ಮಾತೆ ಮರಿಯಳ ವೇದನೆಗಳ ಧ್ಯಾನ, ಶಿಲುಬೆಯ ಮಹಿಮೆ. ಭಾಷೆ ಸ್ವಚ್ಛ, ವಾದ ಕ್ರಮಬದ್ಧ. ಯಾವ ಹಳ್ಳಿಯ ಪಾದ್ರಿಯೂ ಹೇಳಬಹುದಾದ ಮಾತುಗಳು. ಕೊನೆಯ ಭಾಗದಲ್ಲಿ ಗಣರಾಜ್ಯದ ಖಂಡನೆಯಿದೆ, ನೋಂದಣಿ ಮದುವೆಯ ವಿರೋಧವಿದೆ. ಗುಲಾಮರನ್ನು ಬಿಡಿಸಿದ್ದಕ್ಕಾಗಿ ರಾಜಕುಮಾರಿ ಇಸಬೆಲಳ ಹೊಗಳಿಕೆಯೂ ಇದೆ. ದೇಶದ ಕಣ್ಣಿಗೆ ಉನ್ಮತ್ತನಾಗಿದ್ದವನು ತನ್ನ ಬರಹದಲ್ಲಿ ಹಟಮಾರಿ, ಭಕ್ತ, ಹಳೆಯ ಕಾಲದ ಮನುಷ್ಯನಾಗಿ ಕಾಣುತ್ತಾನೆ.

ಇದರ ಜೊತೆಗೆ ಬಾಹಿಯಾದ ಇತಿಹಾಸಕಾರ ಜೊಸೆ ಕಲಸಾನ್ಸ್ 1950ರ ಸುಮಾರಿನಿಂದ ಬದುಕುಳಿದವರ, ಅವರ ಮಕ್ಕಳ ನೆನಪುಗಳನ್ನು ಸಂಗ್ರಹಿಸಿದರು. ಸೈನ್ಯದ ಕಡತಗಳಲ್ಲಿ ಮತಾಂಧರ ಗುಂಪಾಗಿದ್ದ ಜನ ಅಲ್ಲಿ ಹೆಸರು, ಕಸುಬು, ಸಂಬಂಧಗಳಿರುವ ಮನುಷ್ಯರಾದರು.

ಮೂರು ಪ್ರಶ್ನೆ, ಮೂರು ಉತ್ತರ

ಕನುಡೋಸಿನಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿದ್ದವು. ಅವನ ನಂಬಿಕೆ ಸರಿಯೇ? ಅವನು ಎಂಥ ಮನುಷ್ಯ? ಅವನ ಮೇಲೆ ಸರ್ಕಾರ ಮಾಡಿದ್ದು ನ್ಯಾಯವೇ? 1897ರ ಬ್ರೆಜಿಲ್ ಈ ಮೂರಕ್ಕೂ ಒಂದೇ ಉತ್ತರ ಹುಡುಕಿತು. ನಂಬಿಕೆ ವಿಚಿತ್ರ, ಆದ್ದರಿಂದ ಮನುಷ್ಯ ಕೆಟ್ಟವನು; ಮನುಷ್ಯ ಕೆಟ್ಟವನು, ಆದ್ದರಿಂದ ಫಿರಂಗಿ ಸರಿ. ಫಿರಂಗಿ ಗುಂಡು ಬಿದ್ದದ್ದು ಮಾತ್ರ ಅವನ ನಂಬಿಕೆಯ ಮೇಲಲ್ಲ, ಮಣ್ಣಿನ ಗೋಡೆಯ ಮನೆಗಳೊಳಗಿದ್ದ ಹೆಂಗಸರು ಮಕ್ಕಳ ಮೇಲೆ.

ಈ ಸರಣಿಯನ್ನು ತಿರುವುಮುರುವಾಗಿ ಓದುವವರೂ ಇದ್ದಾರೆ. ಸರ್ಕಾರ ಕ್ರೂರವಾಗಿತ್ತು, ಆದ್ದರಿಂದ ಅವನು ಸಂತ. ಸಂತನಾದ್ದರಿಂದ ಅವನು ಹೇಳಿದ್ದೆಲ್ಲ ಸರಿ. ಎಡಪಂಥೀಯರು ಅವನನ್ನು ರೈತ ಕ್ರಾಂತಿಕಾರಿ ಎಂದರು. ಅರಸನಿಗಾಗಿ ಹಂಬಲಿಸಿದವನಿಗೆ ಆ ಬಿರುದು ಅಷ್ಟು ಸುಲಭವಾಗಿ ಹೊಂದುವುದಿಲ್ಲ. 2019ರಲ್ಲಿ ಬ್ರೆಜಿಲ್ ತನ್ನ ರಾಷ್ಟ್ರವೀರರ ಪುಸ್ತಕದಲ್ಲಿ ಅವನ ಹೆಸರನ್ನು ಕಾನೂನಿನ ಮೂಲಕವೇ ಸೇರಿಸಿತು. ಯಾವ ಗಣರಾಜ್ಯವನ್ನು ಅವನು ಕೊನೆಯವರೆಗೂ ಒಪ್ಪಲಿಲ್ಲವೋ ಅದೇ ಗಣರಾಜ್ಯ ಅವನನ್ನು ತನ್ನವನೆಂದಿತು.

ಅವನ ಗುಣವನ್ನು ತೂಗಲು ಹೆಚ್ಚು ನೆರವಾಗುವುದು ಯುದ್ಧದ ಒಂದು ವರ್ಷವಲ್ಲ, ಅದರ ಹಿಂದಿನ ಇಪ್ಪತ್ತು ವರ್ಷ. ಬಂದೂಕು ಎದುರಿಗಿಲ್ಲದಾಗ ಅವನು ಮಾಡಿದ್ದೇನು? ಕಟ್ಟೆ ತೋಡಿಸಿದ, ಸ್ಮಶಾನದ ಗೋಡೆ ಕಟ್ಟಿಸಿದ, ಸುಳ್ಳು ಆಪಾದನೆ ಹೊತ್ತು ಸೆರೆಗೆ ಹೋದಾಗ ಪ್ರತಿಭಟಿಸದೆ ಹೋಗಿ ತೀರ್ಪು ಪಡೆದು ಬಂದ. ತನ್ನನ್ನು ವಿರೋಧಿಸಲೆಂದೇ ಬಂದ ಸನ್ಯಾಸಿಗೆ ಪ್ರವಚನದ ವೇದಿಕೆ ಕೊಟ್ಟ. ಇವು ಅವನ ಪರವಾಗಿ ನಿಲ್ಲುತ್ತವೆ. ಕಾನೂನನ್ನು ತಿರಸ್ಕರಿಸಿ ಆಯುಧಧಾರಿಗಳ ಆಸರೆಯಲ್ಲಿ ಊರು ಕಟ್ಟಿದ್ದು, ಸಾವು ಖಚಿತವಾದ ಮೇಲೂ ನಂಬಿ ಬಂದ ಸಂಸಾರಗಳನ್ನು ಹೊರಗೆ ಕಳುಹಿಸುವ ದಾರಿ ಹುಡುಕದಿದ್ದದ್ದು ಅವನ ವಿರುದ್ಧ ನಿಲ್ಲುತ್ತವೆ. ಆದರೆ ಹೊರಬಂದವರ ಗತಿ ಏನಾಯಿತೆಂಬುದನ್ನು ನೋಡಿದರೆ, ಈ ಎರಡನೆಯ ಆಪಾದನೆಯ ಭಾರದಲ್ಲಿ ಒಂದು ಪಾಲನ್ನು ಸೈನ್ಯವೂ ಹೊರಬೇಕಾಗುತ್ತದೆ.

ಕನುಡೋಸ್ ಇಂದು ನೀರಿನಡಿಯಲ್ಲಿದೆ. ಬದುಕುಳಿದವರು ಮರಳಿ ಬಂದು ಕಟ್ಟಿಕೊಂಡ ಎರಡನೆಯ ಊರನ್ನೂ 1960ರ ದಶಕದ ಕೊನೆಯಲ್ಲಿ ಕೊಕೊರೊಬೊ ಅಣೆಕಟ್ಟಿನ ನೀರು ಮುಳುಗಿಸಿತು. ಬರಗಾಲದಲ್ಲಿ ನೀರು ಇಳಿದಾಗ ಹಳೆಯ ಗೋಡೆಗಳು ಮೇಲೇಳುತ್ತವೆ. ಯುದ್ಧದಿಂದ ಮರಳಿದ ಸೈನಿಕರು ರಿಯೊದಲ್ಲಿ ಇರಲು ಮನೆ ಸಿಗದೆ ಬೀಡುಬಿಟ್ಟ ಗುಡ್ಡಕ್ಕೆ, ಕನುಡೋಸಿನ ಎದುರಿನ ಬೆಟ್ಟದ ನೆನಪಿನಲ್ಲಿ ಫವೇಲಾ ಎಂದು ಹೆಸರಾಯಿತು. ಇಂದು ಬ್ರೆಜಿಲಿನ ಕೊಳೆಗೇರಿಗಳಿಗೆಲ್ಲ ಅದೇ ಹೆಸರು. ಗೆದ್ದ ಸೈನಿಕ ಕೂಡ ಸೋತ ರೈತನಷ್ಟೇ ಬಡವನಾಗಿದ್ದ.